ಕಪ್ಪತಗುಡ್ಡದ ಸುತ್ತ ಒಂದು ಹಗಲು: ತಿರುಳ್ಗನ್ನಡ ನಾಡಿನ ಕಲ್ಲು, ಬಸದಿ ಮತ್ತು ಶಾಸನ

ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ಕನ್ನಡದ ತಿರುಳನ್ನು ನಾಲ್ಕು ಊರುಗಳ ನಡುವಿನ ನೆಲದಲ್ಲಿ ಗುರುತಿಸಿದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಇವು ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಮತ್ತು ಬೆಳಗಾವಿ ಜಿಲ್ಲೆಯ ಒಕ್ಕುಂದ. ಪದವಿ ತರಗತಿಯಿಂದ ಸಂಶೋಧನೆಯವರೆಗೆ ಈ ನಾಲ್ಕು ಹೆಸರುಗಳನ್ನು ನಾವು ಕಂಠಪಾಠ ಮಾಡಿಸುತ್ತೇವೆ. ಆದರೆ ಪರೀಕ್ಷೆಯಲ್ಲಿ ಇವನ್ನು ಬರೆದು ಅಂಕ ಪಡೆದವರಲ್ಲಿ ಪುಲಿಗೆರೆಯ ಶಂಖ ಬಸದಿಯ ಅಂಗಳದಲ್ಲಿ ನಿಂತವರು ಎಷ್ಟು ಮಂದಿ? ಕಾವ್ಯವನ್ನು ಓದಿದವರು ಊರನ್ನು ನೋಡಿಲ್ಲ, ಊರನ್ನು ನೋಡಿದ ಪ್ರವಾಸಿಗರು ಕಾವ್ಯವನ್ನು ಓದಿಲ್ಲ. ನಮ್ಮ ಸಾಹಿತ್ಯಾಧ್ಯಯನದಲ್ಲಿ ಉಳಿದಿರುವ ಈ ಬಿರುಕನ್ನು ಮುಚ್ಚಲು ಗದಗಿನಿಂದ ಹೊರಟು ಗದಗಿಗೇ ಮರಳುವ ಒಂದು ದಿನದ ಸುತ್ತಾಟ ಒಳ್ಳೆಯ ಆರಂಭವಾಗಬಲ್ಲದು.

ಸ್ನಾತಕೋತ್ತರ ವಿದ್ಯಾರ್ಥಿಗಳ ಚಿಕ್ಕ ತಂಡಗಳಿಗೆ ದಾರಿ ತೋರಿಸುವ ಹೊಣೆ ಬಂದಾಗ ನಾನು ಅನುಸರಿಸುವ ಕ್ರಮ ಇದು: ಬೆಳಿಗ್ಗೆ ಲಕ್ಕುಂಡಿ, ಅಲ್ಲಿಂದ ದಂಬಳ, ಮುಂಡರಗಿ, ಮಧ್ಯಾಹ್ನ ಶಿರಹಟ್ಟಿ ಮತ್ತು ಲಕ್ಷ್ಮೇಶ್ವರ, ಸಂಜೆಗೆ ಮುಳಗುಂದದ ಮೂಲಕ ಗದಗು. ನಕಾಶೆಯನ್ನು ನೋಡಿದರೆ ಈ ದಾರಿ ಕಪ್ಪತಗುಡ್ಡಕ್ಕೆ ಹಾಕಿದ ಒಂದು ಪ್ರದಕ್ಷಿಣೆ. ಗುಡ್ಡವು ಕೇವಲ ಹಿನ್ನೆಲೆಯಲ್ಲ, ಈ ನಾಡಿನ ಚರಿತ್ರೆಯ ಮೊದಲ ಪುಟವೂ ಹೌದು.

ಕಲ್ಲಿನ ಮೊದಲ ಪುಟ

ಕಪ್ಪತಗುಡ್ಡದ ಶಿಲೆಗಳು ಧಾರವಾಡ ಶಿಲಾಶ್ರೇಣಿಗೆ ಸೇರಿದವು; ಅವುಗಳ ವಯಸ್ಸು ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹೆಚ್ಚು. ಭಾರತದ ಪ್ರಾಗಿತಿಹಾಸದ ಅಧ್ಯಯನಕ್ಕೆ ಅಡಿಪಾಯ ಹಾಕಿದ ರಾಬರ್ಟ್ ಬ್ರೂಸ್ ಫೂಟ್ ಈ ಗುಡ್ಡಗಳಿಗೂ ಬಂದಿದ್ದನೆಂಬುದನ್ನು ನಾವು ಮರೆತಿದ್ದೇವೆ. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಶಿಲಾಯುಗದ ಆಯುಧವನ್ನು ಗುರುತಿಸಿದ ಈ ಭೂವಿಜ್ಞಾನಿ 1874ರಲ್ಲಿ ದಂಬಳ ಗುಡ್ಡಗಳ ಚಿನ್ನದ ಶಿಲೆಗಳ ಬಗೆಗೆ ವರದಿ ಪ್ರಕಟಿಸಿದ. ಸೊರಟೂರು, ಡೋಣಿ ಭಾಗದ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನದ ಕಣ ಹೆಕ್ಕುತ್ತಿದ್ದ ಜಾಲಗಾರರು ಆ ಕಾಲದ ಬರಹಗಳಲ್ಲಿ ಕಾಣಿಸುತ್ತಾರೆ.

ಪ್ರಾಗಿತಿಹಾಸವನ್ನು ನೋಡಲು ಹೋದವರು ಇಲ್ಲಿ ಒಂದು ಗುಡಿಯಂತೆ ಎದ್ದು ನಿಂತ ಸ್ಮಾರಕವನ್ನು ನಿರೀಕ್ಷಿಸಬಾರದು. ನೋಡಬೇಕಾದುದು ನೆಲದ ವಿನ್ಯಾಸವನ್ನು: ಒಂದು ಕಡೆ ಗುಡ್ಡ, ಇನ್ನೊಂದು ಕಡೆ ತುಂಗಭದ್ರೆ, ನಡುವೆ ಎರೆಮಣ್ಣಿನ ಬಯಲು. ಇದೇ ನದಿಯ ಮೇಲ್ದಂಡೆಯ ಹಳ್ಳೂರಿನಲ್ಲಿ 1965ರಲ್ಲಿ ಎಂ. ಎಸ್. ನಾಗರಾಜರಾವ್ ನಡೆಸಿದ ಉತ್ಖನನವು ನವಶಿಲಾಯುಗದಿಂದ ಕಬ್ಬಿಣಯುಗಕ್ಕೆ ಸಾಗಿದ ಜನವಸತಿಯನ್ನು ತೋರಿಸಿತು. ಆ ಕಾಲದ ದಕ್ಷಿಣದ ರೈತರು ಬೆಳೆದ ಹುರುಳಿ, ಹೆಸರುಗಳನ್ನೇ ಗದಗಿನ ಸುತ್ತಲ ರೈತರು ಇಂದಿಗೂ ಬಿತ್ತುತ್ತಾರೆ. ಬಸದಿಗೆ ಬಿಟ್ಟ ಮತ್ತರುಗಳ ಲೆಕ್ಕವನ್ನು ಶಾಸನದಲ್ಲಿ ಓದುವ ಮೊದಲು ಆ ಮಣ್ಣನ್ನು ಸಾವಿರಾರು ವರ್ಷ ಹದ ಮಾಡಿದ ಹೆಸರಿಲ್ಲದ ಕೈಗಳನ್ನು ನೆನೆಯುವುದು ಯುಕ್ತ. 2019ರಲ್ಲಿ ಕಪ್ಪತಗುಡ್ಡವು ವನ್ಯಜೀವಿಧಾಮವೆಂದು ಘೋಷಿತವಾದುದರಿಂದ ಈ ಪುಟ ಹರಿದುಹೋಗದೆ ಉಳಿದೀತೆಂಬ ಭರವಸೆ ಮೂಡಿದೆ.

ಲೊಕ್ಕಿಗುಂಡಿ: ಓಲೆ ಮತ್ತು ಕಲ್ಲು

ಗದಗಿನಿಂದ ಸುಮಾರು ಹನ್ನೆರಡು ಕಿಲೋಮೀಟರ್ ದೂರದ ಲಕ್ಕುಂಡಿಯಲ್ಲಿ ಪ್ರವಾಸಿಗರ ಗುಂಪು ಸಹಜವಾಗಿ ಕಾಶಿವಿಶ್ವೇಶ್ವರ ಗುಡಿಯ ಕುಸುರಿ ಮತ್ತು ಮುಸುಕಿನ ಬಾವಿಯ ಕಡೆಗೆ ನಡೆಯುತ್ತದೆ. ಸಾಹಿತ್ಯದ ವಿದ್ಯಾರ್ಥಿಯು ಮೊದಲು ಹೋಗಬೇಕಾದದ್ದು ಬ್ರಹ್ಮಜಿನಾಲಯಕ್ಕೆ. 1007ರ ಶಾಸನವು ಇದನ್ನು ಕಟ್ಟಿಸಿದ ಅತ್ತಿಮಬ್ಬೆಯನ್ನು ಕೊಂಡಾಡುತ್ತದೆ. ಆಗ ಕಲ್ಯಾಣದ ಚಾಲುಕ್ಯ ದೊರೆ ಇರಿವಬೆಡಂಗ ಸತ್ಯಾಶ್ರಯನ ಆಳ್ವಿಕೆ.

ಅತ್ತಿಮಬ್ಬೆಯ ಮನೆತನವೇ ಒಂದು ಸಾಹಿತ್ಯ ಪರಂಪರೆ. ಅವಳ ತಂದೆ ಮಲ್ಲಪಯ್ಯ ಮತ್ತು ಚಿಕ್ಕಪ್ಪ ಪುನ್ನಮಯ್ಯ ಪೊನ್ನನಿಂದ 'ಶಾಂತಿಪುರಾಣ'ವನ್ನು ಬರೆಯಿಸಿದರು. ಅವಳು ಅದರ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. 993ರಲ್ಲಿ ರನ್ನನಿಂದ 'ಅಜಿತಪುರಾಣ'ವನ್ನು ಬರೆಯಿಸಿದಳು. ಪತಿ ನಾಗದೇವನನ್ನು ಕಳೆದುಕೊಂಡಾಗ ಸವತಿಯೂ ತಂಗಿಯೂ ಆದ ಗುಂಡಮಬ್ಬೆ ಸಹಗಮನದ ದಾರಿ ಹಿಡಿದಳು; ಅತ್ತಿಮಬ್ಬೆ ಮಗನನ್ನು ಬೆಳೆಸುತ್ತ ವ್ರತ ಮತ್ತು ದಾನದ ಬದುಕನ್ನು ಆರಿಸಿಕೊಂಡಳು. ಒಂದೇ ಮನೆಯ ಇಬ್ಬರು ಅಕ್ಕತಂಗಿಯರ ಈ ಎರಡು ಆಯ್ಕೆಗಳನ್ನು ಎದುರುಬದುರು ಇಟ್ಟು ನೋಡಿದಾಗಲೇ 'ದಾನಚಿಂತಾಮಣಿ' ಎಂಬ ಬಿರುದಿನ ತೂಕ ಅರ್ಥವಾಗುತ್ತದೆ.

ಶಾಸನವು ಗೋದಾವರಿಯ ಪ್ರವಾಹ ಅವಳ ಮಹಿಮೆಗೆ ತಗ್ಗಿದುದೇ ಮೊದಲಾದ ಪವಾಡಗಳನ್ನೂ ಹೇಳುತ್ತದೆ. ಇವನ್ನು ಚರಿತ್ರೆಯೆಂದು ನಂಬಬೇಕಾಗಿಲ್ಲ, ಕಟ್ಟುಕತೆಯೆಂದು ತಳ್ಳಲೂ ಬೇಕಾಗಿಲ್ಲ. ಬದುಕಿನಲ್ಲಿ ಸಾಧಕಿಯಾಗಿದ್ದ ಒಬ್ಬ ಹೆಣ್ಣುಮಗಳನ್ನು ಸಮುದಾಯವು ಯಾವ ಭಾಷೆಯಲ್ಲಿ ದೊಡ್ಡವಳೆಂದು ಒಪ್ಪಿಕೊಂಡಿತು ಎಂಬುದಕ್ಕೆ ಅವು ಸಾಕ್ಷಿ. ರನ್ನನ ಕಾವ್ಯ ಮತ್ತು ಈ ಶಾಸನ ಎರಡನ್ನೂ ಒಟ್ಟಿಗೆ ಓದುವ ಅವಕಾಶ ಹತ್ತನೆಯ ಶತಮಾನದ ಬೇರೆ ಯಾವ ಪೋಷಕಿಯ ವಿಷಯದಲ್ಲಿಯೂ ನಮಗೆ ಇಷ್ಟು ಸಮೃದ್ಧವಾಗಿ ದೊರೆಯುವುದಿಲ್ಲ.

ವಾಸ್ತುವಿನ ಮಾತನ್ನೂ ಆಡಬೇಕು. ಬಾದಾಮಿ, ಪಟ್ಟದಕಲ್ಲುಗಳ ಮರಳುಗಲ್ಲನ್ನು ಬಿಟ್ಟು ನುಣುಪಾದ ಬಳಪದ ಕಲ್ಲನ್ನು ಬಳಸಿದ ಮೊದಮೊದಲ ಕಟ್ಟಡಗಳಲ್ಲಿ ಈ ಜಿನಾಲಯವೂ ಒಂದೆಂದು ಹೆನ್ರಿ ಕಸಿನ್ಸ್ ಗುರುತಿಸಿದ್ದಾನೆ. ಮುಂದಿನ ಶತಮಾನದ ಗುಡಿಗಳ ಸೂಕ್ಷ್ಮ ಕೆತ್ತನೆಗೆ ಈ ಕಲ್ಲಿನ ಆಯ್ಕೆಯೇ ದಾರಿ ಮಾಡಿತು. ಕಾಶಿವಿಶ್ವೇಶ್ವರದ ಕುಸುರಿಗೆ ಬೆರಗಾಗುವವರು ಅದರ ಹಿಂದೆ ಬ್ರಹ್ಮಜಿನಾಲಯದ ಸರಳ ಗಾಂಭೀರ್ಯವಿದೆಯೆಂಬುದನ್ನು ಮರೆಯಬಾರದು.

ದಂಬಳ: ಮರೆತುಹೋದ ತಾರೆ

ದಂಬಳದ ದೊಡ್ಡಬಸಪ್ಪ ಗುಡಿಯ ನಕ್ಷತ್ರಾಕಾರದ ತಲವಿನ್ಯಾಸ ವಾಸ್ತುಗ್ರಂಥಗಳಲ್ಲೆಲ್ಲ ಪ್ರಸಿದ್ಧ. ಚೌಕವನ್ನು ತಿರುಗಿಸುತ್ತ ತಿರುಗಿಸುತ್ತ ಇಪ್ಪತ್ತನಾಲ್ಕು ಮೊನೆಗಳನ್ನು ಪಡೆದ ಈ ವಿಮಾನ ಶಿಲ್ಪಿಯ ಗಣಿತಜ್ಞಾನಕ್ಕೆ ಕನ್ನಡಿ. ಆದರೆ ಇತಿಹಾಸದ ದೃಷ್ಟಿಯಿಂದ ಇಲ್ಲಿಯ ದೊಡ್ಡ ಸಂಗತಿ 1095ರ ಒಂದು ಶಾಸನ. ಆರನೆಯ ವಿಕ್ರಮಾದಿತ್ಯನ ರಾಣಿ ಲಕ್ಷ್ಮಾದೇವಿಯ ಆಡಳಿತದಲ್ಲಿ ಧರ್ಮವೊಳಲು ಎನಿಸಿದ್ದ ಈ ಊರಿನ ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರಕ್ಕೂ ಲೊಕ್ಕಿಗುಂಡಿಯ ಸೆಟ್ಟಿಯೊಬ್ಬ ಕಟ್ಟಿಸಿದ ಆರ್ಯತಾರಾದೇವಿಯ ವಿಹಾರಕ್ಕೂ ದಾನ ನಡೆದ ವಿಷಯವನ್ನು ಅದು ಹೇಳುತ್ತದೆ.

ಬೌದ್ಧಧರ್ಮ ಕರ್ನಾಟಕದಲ್ಲಿ ಬಹುಹಿಂದೆಯೇ ಮಾಯವಾಯಿತೆಂದು ಪಾಠ ಹೇಳುವ ನಮಗೆ ಈ ಶಾಸನ ಒಂದು ಎಚ್ಚರಿಕೆ. ಅತ್ತಿಮಬ್ಬೆಯ ಜಿನಾಲಯವಿದ್ದ ಊರಿನ ವ್ಯಾಪಾರಿಯೇ, ಅವಳ ನಂತರ ಒಂದು ಶತಮಾನದೊಳಗೆ, ನೆರೆಯೂರಿನಲ್ಲಿ ತಾರೆಗೆ ಆಲಯ ಕಟ್ಟಿಸುತ್ತಾನೆ. ವ್ಯಾಪಾರದ ಹಣ ಒಂದೇ ದೇವರ ಬಾಗಿಲಿಗೆ ಹರಿಯಲಿಲ್ಲ. ಜೈನ ನೆಲೆಗಳನ್ನು ಅಧ್ಯಯನ ಮಾಡುವವರು ನೆರೆಯ ಬೌದ್ಧ, ಶೈವ ನೆಲೆಗಳನ್ನು ಬಿಟ್ಟು ಓದಿದರೆ ಜೈನ ಚರಿತ್ರೆಯೂ ಅರೆಯಾಗುತ್ತದೆ.

ಮುಂಡರಗಿಯಲ್ಲಿ ಕಾಲ ಸರ್ರನೆ ಹತ್ತೊಂಬತ್ತನೆಯ ಶತಮಾನಕ್ಕೆ ಜಾರುತ್ತದೆ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಕೊಪ್ಪಳದ ಕೋಟೆಯಲ್ಲಿ ಮಡಿದ ಮುಂಡರಗಿ ಭೀಮರಾಯನ ಊರಿದು. ಶಿರಹಟ್ಟಿಯಲ್ಲಿ ಹಿಂದೂ ಮುಸ್ಲಿಂ ಭಕ್ತರಿಬ್ಬರೂ ನಡೆದುಕೊಳ್ಳುವ ಫಕೀರೇಶ್ವರ ಮಠವಿದೆ. ಸಮೀಪದ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುತ್ತವೆ; 2024ರಲ್ಲಿ ಇದು ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು.

ಪುಲಿಗೆರೆ: ಒಂದು ಕಲ್ಲು, ಹಲವು ಪ್ರಶ್ನೆ

ದಿನದ ಹೆಚ್ಚಿನ ಹೊತ್ತನ್ನು ಲಕ್ಷ್ಮೇಶ್ವರಕ್ಕೆ ಮೀಸಲಿಡಬೇಕು. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಇಲ್ಲಿಯ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ನೀಡಿದ ಆಚಾರವ್ಯವಸ್ಥೆಯ ಶಾಸನ ಎಂಟನೆಯ ಶತಮಾನದ ನಗರಾಡಳಿತದ ಅಪೂರ್ವ ದಾಖಲೆ. ಮನೆಗಳ ಅಂತಸ್ತಿಗೆ ತಕ್ಕಂತೆ ತೆರಿಗೆಯನ್ನು ಮೇಲುಕೆಳಗು ಮಾಡಿ ನಿಗದಿಪಡಿಸಿದ, ಕುಶಲಕರ್ಮಿಗಳ ಶ್ರೇಣಿಯ ಹೊಣೆಯನ್ನು ಹೇಳಿದ ಈ ಶಾಸನ ಕನ್ನಡದಲ್ಲಿದೆ ಎಂಬುದನ್ನು ಗಮನಿಸಬೇಕು. 'ತಿರುಳ್ಗನ್ನಡ' ಎಂಬ ಹೆಮ್ಮೆಯ ಮಾತು ಹುಟ್ಟುವ ಮೊದಲೇ ಪುಲಿಗೆರೆಯಲ್ಲಿ ಕನ್ನಡವು ವ್ಯವಹಾರದ, ಕಾನೂನಿನ ಭಾಷೆಯಾಗಿತ್ತು.

ಶಂಖ ಬಸದಿ ಈ ಊರಿನ ಹೃದಯ. ಶಂಖವು ನೇಮಿನಾಥ ತೀರ್ಥಂಕರರ ಲಾಂಛನ. ಒಳಗಿರುವ ಸಹಸ್ರಕೂಟ ಜಿನಬಿಂಬ, ವಿಶಾಲವಾದ ಮಂಟಪಗಳು, ಪದೇ ಪದೇ ಜೀರ್ಣೋದ್ಧಾರ ಕಂಡ ಗೋಡೆಗಳು ಈ ಬಸದಿಯ ದೀರ್ಘಾಯುಷ್ಯವನ್ನು ಸಾರುತ್ತವೆ. ಇಲ್ಲಿಯ ಪ್ರಸಿದ್ಧ ಶಿಲಾಫಲಕದಲ್ಲಿ ಗಂಗ ದೊರೆ ಮಾರಸಿಂಹನ 968ರ ದಾನದ ಜೊತೆಗೆ ಬಾದಾಮಿ ಚಾಲುಕ್ಯರ ಕಾಲದ್ದೆಂದು ಹೇಳಿಕೊಳ್ಳುವ ದಾನಗಳೂ ಇವೆ. ಅವುಗಳಲ್ಲಿ ಒಂದು, ಎರಡನೆಯ ವಿಕ್ರಮಾದಿತ್ಯನು 734ರ ಸುಮಾರಿಗೆ ಶಂಖತೀರ್ಥ ಬಸದಿಯನ್ನೂ ಧವಳ ಜಿನಾಲಯವನ್ನೂ ಸರಿಪಡಿಸಿ ಭೂಮಿ ಬಿಟ್ಟನೆಂದು ತಿಳಿಸುತ್ತದೆ. ಮೂಲಸಂಘ ದೇವಗಣದ ಆಚಾರ್ಯರ ಹೆಸರುಗಳೂ ಬರುತ್ತವೆ.

ಇಲ್ಲಿಯೇ ಸಂಶೋಧಕನ ಪ್ರಾಮಾಣಿಕತೆಯ ಪರೀಕ್ಷೆ. ಈ ಚಾಲುಕ್ಯ ಲೇಖಗಳು ಎಂಟನೆಯ ಶತಮಾನದ ಲಿಪಿಯಲ್ಲಿಲ್ಲ. ಬಹುಕಾಲದ ಮೇಲೆ ಒಂದೇ ಕಲ್ಲಿನ ಮೇಲೆ ಒಟ್ಟಾಗಿ ಕೆತ್ತಿದವು. 1878ರಲ್ಲಿ ಇವನ್ನು ಪ್ರಕಟಿಸಿದ ಜೆ. ಎಫ್. ಫ್ಲೀಟನಿಂದ ಮೊದಲಾಗಿ ವಿದ್ವಾಂಸರು ಇವುಗಳ ಅಧಿಕೃತತೆಯನ್ನು ಪ್ರಶ್ನಿಸುತ್ತ ಬಂದಿದ್ದಾರೆ. ಜೈನ ಅಭ್ಯಾಸಿಗಳಾದ ನಮಗೆ ಎರಡು ಸುಲಭದ ದಾರಿಗಳಿವೆ: ಸಂಶಯವನ್ನು ಮುಚ್ಚಿಟ್ಟು ಎಂಟನೆಯ ಶತಮಾನದ ಕೀರ್ತಿಯನ್ನು ಹೇಳಿಕೊಳ್ಳುವುದು, ಇಲ್ಲವೇ ಕಲ್ಲನ್ನೇ ಕೂಟವೆಂದು ಕೈಬಿಡುವುದು. ಎರಡೂ ಸರಿಯಲ್ಲ. ತಾಮ್ರದಲ್ಲಿಯೋ ಓಲೆಯಲ್ಲಿಯೋ ಇದ್ದ ಹಳೆಯ ದಾಖಲೆಗಳನ್ನು ಕಲ್ಲಿಗೆ ಇಳಿಸಿ ಉಳಿಸಿಕೊಳ್ಳುವ ಪದ್ಧತಿ ನಮ್ಮಲ್ಲಿತ್ತು. ಹಾಗೆ ಇಳಿಸುವಾಗ ತಿದ್ದುವಿಕೆ, ಸೇರ್ಪಡೆ ನಡೆದಿರಬಹುದು. ಆದುದರಿಂದ ಈ ಫಲಕದಿಂದ ನಿಶ್ಚಿತವಾಗಿ ಹೇಳಬಹುದಾದುದು ಇಷ್ಟು: ಕೆತ್ತಿಸಿದವರ ಕಾಲಕ್ಕೆ ತಮ್ಮ ಬಸದಿಯ ಭೂಮಿಯ ಹಕ್ಕನ್ನು ಹಳೆಯ ದೊರೆಗಳ ಹೆಸರಿನಲ್ಲಿ ಭದ್ರಪಡಿಸಿಕೊಳ್ಳುವ ಅಗತ್ಯ ಪುಲಿಗೆರೆಯ ಜೈನಸಂಘಕ್ಕೆ ಒದಗಿತ್ತು. ಕೇವಲ ಪ್ರಾಚೀನತೆಯ ಹೆಮ್ಮೆಗಿಂತ ಈ ತಿಳಿವಳಿಕೆ ಹೆಚ್ಚು ಬೆಲೆಯುಳ್ಳದ್ದು.

ಪಂಪನ ವಿಷಯದಲ್ಲಿಯೂ ಇದೇ ವಿವೇಕ ಬೇಕು. ಆದಿಕವಿ ಈ ಬಸದಿಯಲ್ಲಿಯೇ ಕುಳಿತು ಕಾವ್ಯ ಬರೆದನೆಂದು ಹೇಳುವ ರೂಢಿಯಿದೆ. ಆದರೆ ಅವನು 'ವಿಕ್ರಮಾರ್ಜುನ ವಿಜಯ'ದಲ್ಲಿ ಹೇಳಿಕೊಂಡಿರುವುದು ಪುಲಿಗೆರೆಯ ತಿರುಳ್ಗನ್ನಡದ ಮಾತನ್ನು. ಅವನ ಆಶ್ರಯದಾತ ಅರಿಕೇಸರಿಯ ಆಸ್ಥಾನ ಇದ್ದುದು ಇಂದಿನ ತೆಲಂಗಾಣದ ವೇಮುಲವಾಡದಲ್ಲಿ. ತಮ್ಮ ಜಿನವಲ್ಲಭನ ಶಾಸನ ದೊರೆತುದು ಅದೇ ಸೀಮೆಯ ಕುರ್ಕ್ಯಾಲದಲ್ಲಿ. ಅಲ್ಲಿದ್ದ ಕವಿಯೂ ತನ್ನ ಭಾಷೆಯ ಪ್ರಮಾಣಕ್ಕೆ ಇಲ್ಲಿಯ ಊರನ್ನು ಹೆಸರಿಸುತ್ತಾನೆ. ಕವಿ ಇಲ್ಲಿ ಕುಳಿತಿದ್ದನೆಂಬ ಐತಿಹ್ಯಕ್ಕಿಂತ, ಅಷ್ಟು ದೂರದಲ್ಲಿಯೂ ಈ ಊರಿನ ನುಡಿಗೆ ಮನ್ನಣೆಯಿತ್ತೆಂಬ ಸತ್ಯವೇ ಪುಲಿಗೆರೆಗೆ ದೊಡ್ಡ ಗೌರವ.

ಸೋಮೇಶ್ವರ ಗುಡಿಯ ಮುಂದೆ ಇನ್ನೂ ನಾಜೂಕಿನ ಪ್ರಶ್ನೆ ಏಳುತ್ತದೆ. ಸೌರಾಷ್ಟ್ರದಿಂದ ಬಂದ ಆದಯ್ಯನು ಸುರಹೊನ್ನೆ ಬಸದಿಯಲ್ಲಿ ಸೋಮನಾಥನನ್ನು ನೆಲೆಗೊಳಿಸಿದ ಕಥೆ ಹರಿಹರನ ರಗಳೆಯಲ್ಲಿಯೂ ರಾಘವಾಂಕನ 'ಸೋಮನಾಥ ಚಾರಿತ್ರ'ದಲ್ಲಿಯೂ ಇದೆ. ಇದು ಭಕ್ತಿಯ ಉತ್ಕರ್ಷದ ಕಾವ್ಯ, ವರದಿಯಲ್ಲ. ಇದರಲ್ಲಿ ಎರಡು ಪಂಥಗಳ ತಿಕ್ಕಾಟದ ನೆನಪಿದೆಯೆಂಬುದನ್ನು ಅಲ್ಲಗಳೆಯಬೇಕಾಗಿಲ್ಲ. ಆ ನೆನಪನ್ನು ಇಂದಿನ ಹಗೆಗೆ ಸೌದೆಯಾಗಿಸಬೇಕಾಗಿಯೂ ಇಲ್ಲ. ಕಥೆಯ ನಾಯಕಿ ಪದ್ಮಾವತಿಯೇ ಜೈನ ಮನೆತನದ ಹೆಣ್ಣು. ಊರಿನಲ್ಲಿ ಶಂಖ ಬಸದಿ, ಅನಂತನಾಥ ಬಸದಿ, ಸೋಮೇಶ್ವರ, ಆದಿಲ್‌ಶಾಹಿ ಕಾಲದ ಜುಮ್ಮಾ ಮಸೀದಿ ನಾಲ್ಕೂ ಇಂದು ನಿಂತಿವೆ. ಕಾವ್ಯವು ಒಂದು ಗೆಲುವನ್ನು ಹೇಳಿದರೆ ಊರು ಒಂದು ಸಹಬಾಳ್ವೆಯನ್ನು ಹೇಳುತ್ತದೆ. ಸಂಶೋಧಕನು ಎರಡನ್ನೂ ಕೇಳಿಸಿಕೊಳ್ಳಬೇಕು.

ಮುಳಗುಂದ: ಮುನಿಗಳ ಊರು

ಬೆಳಕು ಇಳಿಯುವ ಮೊದಲು ಮುಳಗುಂದವನ್ನು ಸೇರಬೇಕು. ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದ ಶಕ 824ರ (ಕ್ರಿ.ಶ. 902-03) ಶಾಸನವು ಇಲ್ಲಿ ಚಿಕಾರ್ಯನೆಂಬ ವೈಶ್ಯನು ಜಿನಾಲಯ ಕಟ್ಟಿಸಿದ ವಿಷಯವನ್ನು ತಿಳಿಸುತ್ತದೆ. 1047ರಲ್ಲಿ ಮಲ್ಲಿಷೇಣಾಚಾರ್ಯರು ಈ ಊರಿನಲ್ಲಿ ತಮ್ಮ ಸಂಸ್ಕೃತ 'ಮಹಾಪುರಾಣ'ವನ್ನು ಮುಗಿಸಿದರು. 1112ರಲ್ಲಿ ನಯಸೇನನು ಹದಿನಾಲ್ಕು ಆಶ್ವಾಸಗಳ 'ಧರ್ಮಾಮೃತ'ವನ್ನು ಇಲ್ಲಿಯೇ ರಚಿಸಿದ. ಸಂಸ್ಕೃತವನ್ನು ಕನ್ನಡದಲ್ಲಿ ಹೊಂದದಂತೆ ಬೆರಸುವ ಕವಿಗಳನ್ನು ಅವನು ಹಳಿದುದು ಪ್ರಸಿದ್ಧ. ಅರುವತ್ತೈದು ವರ್ಷಗಳ ಅಂತರದಲ್ಲಿ ಒಂದೇ ಊರು ಒಬ್ಬ ಸಂಸ್ಕೃತ ಪುರಾಣಕಾರರನ್ನೂ ಒಬ್ಬ ಅಚ್ಚಗನ್ನಡದ ಪ್ರತಿಪಾದಕನನ್ನೂ ಕೊಟ್ಟಿತು. ನಯಸೇನನ ಗಾದೆ, ಉಪಮೆಗಳ ಸಾಲುಗಳು ಎಲ್ಲಿಂದ ಬಂದವೆಂದು ಕೇಳುವವರು ಮುಳಗುಂದದ ಸಂತೆಯಲ್ಲಿ ಅರ್ಧಗಂಟೆ ನಿಲ್ಲಲಿ. ಮಾತಿಗೊಂದು ಗಾದೆ ಪೋಣಿಸುವ ಜನ ಇಂದಿಗೂ ಅಲ್ಲಿದ್ದಾರೆ.

ಕೈಯಲ್ಲಿ ಪಾಠ, ಎದುರಿಗೆ ಕಲ್ಲು

ಈ ಸುತ್ತಿನ ಪೋಷಕರನ್ನು ಒಟ್ಟಿಗೆ ನೋಡಿ: ಒಬ್ಬ ವೈಶ್ಯ, ಒಬ್ಬ ವಿಧವೆ, ಹದಿನಾರು ಸೆಟ್ಟಿಗಳು, ಒಬ್ಬ ರಾಣಿ, ಒಬ್ಬ ಗಂಗ ದೊರೆ. ತಿರುಳ್ಗನ್ನಡ ನಾಡು ಅರಮನೆಯೊಂದರಿಂದಲೇ ಬೆಳೆದುದಲ್ಲ. ಪೇಟೆ, ಬಸದಿ, ವಿಹಾರ, ಮಠಗಳು ಕೂಡಿ ಬೆಳೆಸಿದ್ದು.

ಇಂಥ ಪ್ರವಾಸಕ್ಕೆ ಹೊರಡುವ ವಿದ್ಯಾರ್ಥಿಗಳಿಗೆ ನನ್ನ ಸೂಚನೆ ಒಂದೇ. ಛಾಯಾಚಿತ್ರಕ್ಕಿಂತ ಮೊದಲು ಶಾಸನಪಾಠದ ಪ್ರತಿಯನ್ನು ಜೊತೆಗೆ ಒಯ್ಯಿರಿ. ದಕ್ಷಿಣ ಭಾರತ ಶಾಸನಗಳ ಮುಂಬಯಿ ಕರ್ನಾಟಕ ಸಂಪುಟಗಳು, ಪಿ. ಬಿ. ದೇಸಾಯಿಯವರ 1957ರ ಜೈನ ಶಾಸನಗಳ ಗ್ರಂಥ ಗ್ರಂಥಾಲಯಗಳಲ್ಲಿ ದೊರೆಯುತ್ತವೆ. ಕಲ್ಲಿನ ಮುಂದೆ ನಿಂತು ಸಾಲುಸಾಲಾಗಿ ಗಟ್ಟಿಯಾಗಿ ಓದಿರಿ. ಅಚ್ಚಿನಲ್ಲಿರುವ ಯಾವ ಅಕ್ಷರ ಇಂದು ಕಲ್ಲಿನ ಮೇಲೆ ಉಳಿದಿಲ್ಲವೆಂದು ಬರೆದಿಟ್ಟುಕೊಳ್ಳಿರಿ. ಮಳೆ, ಬಿಸಿಲು, ಸುಣ್ಣ, ಬಣ್ಣಗಳು ವರ್ಷ ವರ್ಷವೂ ಅಕ್ಷರಗಳನ್ನು ತಿನ್ನುತ್ತಿವೆ. ಅತ್ತಿಮಬ್ಬೆ ಒಂದು ಪುರಾಣ ಅಳಿಯಬಾರದೆಂದು ಸಾವಿರ ಪ್ರತಿ ಮಾಡಿಸಿದಳು. ಪುಲಿಗೆರೆಯ ಸಂಘ ತನ್ನ ದಾಖಲೆ ಅಳಿಯಬಾರದೆಂದು ಕಲ್ಲಿಗೆ ಇಳಿಸಿತು. ಪ್ರತಿಮಾಡಿ ಉಳಿಸುವ ಆ ಕೆಲಸದ ಸರದಿ ಈಗ ನಮ್ಮದು.