ಹೃದಯ ವೈಫಲ್ಯ: ರೋಗಿಗಳ ಆಯುಷ್ಯದ ಚರಿತ್ರೆ

ದೇಹಕ್ಕೆ ಬೇಕಾದಷ್ಟು ರಕ್ತವನ್ನು ಹೃದಯ ಪಂಪ್ ಮಾಡಲಾರದ ಸ್ಥಿತಿಗೆ ಹೃದಯ ವೈಫಲ್ಯ ಎನ್ನುತ್ತಾರೆ. ಏದುಸಿರು, ಕಾಲು ಬಾವು, ಮಲಗಿದರೆ ಉಸಿರು ಕಟ್ಟುವುದು ಮುಖ್ಯ ಲಕ್ಷಣಗಳು. ಇದರಿಂದ ಆಸ್ಪತ್ರೆ ಸೇರುವವರಲ್ಲಿ ಎರಡು ಬಗೆ: ಕಾಯಿಲೆ ಹೊಸದಾಗಿ ಕಾಣಿಸಿಕೊಂಡವರು ಮತ್ತು ಹಳೆಯ ಕಾಯಿಲೆ ಉಲ್ಬಣಿಸಿದವರು.

ಆರಂಭಿಕ ಚಿಕಿತ್ಸೆ: ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್, ಷ್ರಾಪ್‌ಷೈರ್‌ನ ವೃದ್ಧೆಯೊಬ್ಬಳ ನಾಟಿ ಮದ್ದಿನಲ್ಲಿದ್ದ ಇಪ್ಪತ್ತಕ್ಕೂ ಹೆಚ್ಚು ಸೊಪ್ಪುಗಳಲ್ಲಿ ಗುಣಕಾರಿಯಾದದ್ದು ಫಾಕ್ಸ್‌ಗ್ಲವ್ (ಡಿಜಿಟಾಲಿಸ್) ಎಂದು ಗುರುತಿಸಿದ. ಹೂ ಬಿಡುವ ಕಾಲದಲ್ಲಿ ಎಲೆ ಕಿತ್ತು, ಒಣಗಿಸಿ, ಪುಡಿಮಾಡಿ ಕೊಡುವ ಕ್ರಮವನ್ನು 1785ರ ತನ್ನ ಗ್ರಂಥದಲ್ಲಿ ವಿವರಿಸಿದ. ಫಲಿಸದ ಪ್ರಕರಣಗಳನ್ನೂ ಮುಚ್ಚಿಡಲಿಲ್ಲ. 1950ರ ದಶಕದ ಕೊನೆಯಲ್ಲಿ ಥಯಾಜೈಡ್, ಆಮೇಲೆ ಫ್ಯೂರೊಸೆಮೈಡ್ ಎಂಬ ಮೂತ್ರವರ್ಧಕಗಳು ಬಂದು ಬಾವು ಇಳಿಸುವುದು ಸುಲಭವಾಯಿತು. ಆದರೆ ಉಪಶಮನವೇ ಆಯುಷ್ಯವಲ್ಲ. ಡಿಜಿಟಾಲಿಸ್ ಬಗೆಯ ಔಷಧವಾದ ಡಿಗಾಕ್ಸಿನ್ ಆಸ್ಪತ್ರೆ ಸೇರುವುದನ್ನು ತಗ್ಗಿಸಿದರೂ ಸಾವನ್ನು ತಗ್ಗಿಸುವುದಿಲ್ಲ ಎಂದು 1997ರ ದೊಡ್ಡ ಪ್ರಯೋಗವೊಂದು ತೋರಿಸಿತು.

ಆಯುಷ್ಯದ ಲೆಕ್ಕ: ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಪಟ್ಟಣದಲ್ಲಿ 1948ರಲ್ಲಿ ಆರಂಭವಾದ ಅಧ್ಯಯನ 1971ರಲ್ಲಿ ಪ್ರಕಟಿಸಿದ ವರದಿಯಂತೆ, ಕಾಯಿಲೆ ಕಾಣಿಸಿಕೊಂಡ ಐದು ವರ್ಷಗಳಲ್ಲಿ ಶೇ. 62ರಷ್ಟು ಗಂಡಸರು, ಶೇ. 42ರಷ್ಟು ಹೆಂಗಸರು ಸಾಯುತ್ತಿದ್ದರು. ಈ ಲೆಕ್ಕ ಬದಲಾಗತೊಡಗಿದ್ದು 1980ರ ದಶಕದಲ್ಲಿ. ನಾರ್ವೆ, ಸ್ವೀಡನ್, ಫಿನ್‌ಲೆಂಡ್‌ಗಳಲ್ಲಿ ತೀವ್ರ ಸ್ಥಿತಿಯ 253 ರೋಗಿಗಳ ಮೇಲೆ ನಡೆದ ಕಾನ್ಸೆನ್ಸಸ್ ಪ್ರಯೋಗದಲ್ಲಿ (1987) ಎನಲಾಪ್ರಿಲ್ ಮಾತ್ರೆಯು ಆರು ತಿಂಗಳ ಸಾವಿನ ಪ್ರಮಾಣವನ್ನು ಶೇ. 44ರಿಂದ 26ಕ್ಕೆ ಇಳಿಸಿತು. ಹೃದಯವನ್ನು ಇನ್ನಷ್ಟು ಕುಗ್ಗಿಸುತ್ತವೆಂದು ವೈದ್ಯರು ದೂರವಿಟ್ಟಿದ್ದ ಬೀಟಾ ಬ್ಲಾಕರ್‌ಗಳೂ ಜೀವ ಉಳಿಸಬಲ್ಲವೆಂದು 1999ರಲ್ಲಿ ದೃಢಪಟ್ಟಿತು. ಅದೇ ವರ್ಷ ಸ್ಪೈರನೊಲ್ಯಾಕ್ಟೋನ್ ಎಂಬ ಔಷಧ ಸಹ ಸಾವನ್ನು ತಗ್ಗಿಸಿದ್ದು ಕಂಡುಬಂತು. ಸಕ್ಕರೆ ಕಾಯಿಲೆಗೆಂದು ಬಂದ ಡಪಾಗ್ಲಿಫ್ಲೋಜಿನ್ 2019ರಲ್ಲಿ ಈ ಸಾಲಿಗೆ ಸೇರಿತು.

ಹೊಸ ರೋಗಿ, ಹಳೆಯ ರೋಗಿ: 2004–05ರ ಯುರೋಪಿನ ಸಮೀಕ್ಷೆಯಲ್ಲಿ ತೀವ್ರ ವೈಫಲ್ಯದಿಂದ ದಾಖಲಾದ ಸುಮಾರು 3,600 ಜನರಲ್ಲಿ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಮಂದಿ ಹೊಸಬರು. ಹೊಸಬರಲ್ಲಿ ಹೃದಯಾಘಾತ, ರಕ್ತದೊತ್ತಡದ ಕುಸಿತ ಹೆಚ್ಚಾದ್ದರಿಂದ ಮೊದಲ ದಿನಗಳು ಅವರಿಗೆ ಗಂಡಾಂತರದವು. ಆ ಘಟ್ಟ ದಾಟಿದವರ ಮುನ್ನೋಟ ಮಾತ್ರ ಹಳಬರಿಗಿಂತ ಉತ್ತಮ: ಮನೆಗೆ ಹೋದ ವರ್ಷದೊಳಗೆ ಹಳಬರಲ್ಲಿ ಶೇ. 23ರಷ್ಟು, ಹೊಸಬರಲ್ಲಿ ಶೇ. 16ರಷ್ಟು ಜನ ತೀರಿಕೊಂಡರು. ಫಿನ್‌ಲೆಂಡಿನ ಒಂದು ಅಧ್ಯಯನದಲ್ಲಿ ಐದು ವರ್ಷಗಳಾಗುವಷ್ಟರಲ್ಲಿ ಹಳಬರಲ್ಲಿ ಸುಮಾರು ಮುಕ್ಕಾಲು ಪಾಲು, ಹೊಸಬರಲ್ಲಿ ಅರ್ಧಕ್ಕಿಂತ ಕಡಿಮೆ ಜನ ಸತ್ತಿದ್ದರು. ಹಳಬರಿಗೆ ವಯಸ್ಸು ಹೆಚ್ಚು. ಮೂತ್ರಪಿಂಡದ ತೊಂದರೆ, ಹಿಂದಿನ ಹೃದಯಾಘಾತ ಜೊತೆಗಿರುತ್ತವೆ. ಹೊಸಬರಲ್ಲಿ ಸರಿಪಡಿಸಬಹುದಾದ ಕಾರಣ ಸಿಗುವ ಸಾಧ್ಯತೆ ಹೆಚ್ಚು.

ಭಾರತದಲ್ಲಿ: 2013ರಲ್ಲಿ ತಿರುವನಂತಪುರದ ಹೃದಯ ವೈಫಲ್ಯ ನೋಂದಣಿಯಲ್ಲಿ ಸೇರಿದ 1,205 ರೋಗಿಗಳಲ್ಲಿ ಶೇ. 59ರಷ್ಟು ಜನ ಐದು ವರ್ಷಗಳಲ್ಲಿ ತೀರಿಕೊಂಡರು. ಆಯುಷ್ಯ ಹೆಚ್ಚಿಸುವ ಔಷಧಗಳನ್ನು ಮೊದಲ ದಾಖಲಾತಿಯಲ್ಲೇ ಆರಂಭಿಸಿ ಬಿಡದೆ ಮುಂದುವರಿಸುವುದು ಇಂದಿನ ಚಿಕಿತ್ಸೆಯ ಅಂಗೀಕೃತ ಕ್ರಮ.