ಅಂಚಿನ ಬರಹ

ಗ್ರಂಥಾಲಯದ ಪುಸ್ತಕಗಳ ಅಂಚಿನಲ್ಲಿ ಪೆನ್ಸಿಲಿನಿಂದ ಅರ್ಥ ಬರೆದವರನ್ನು ಕರೆದು, ರಬ್ಬರು ಕೊಟ್ಟು ಅಳಿಸಿಸುತ್ತಿದ್ದ ನನ್ನನ್ನು ಹಳೆಯ ವಿದ್ಯಾರ್ಥಿಗಳು ಮರೆತಿರಲಾರರು. ಅದೇ ಅಪರಾಧಕ್ಕೆ ಈಗ ವಿಶ್ವವಿದ್ಯಾಲಯಗಳಲ್ಲಿ ಅಂಕ ಕೊಡುತ್ತಾರೆಂದು ತಿಳಿದಾಗ ಮೊದಲು ನಗು ಬಂದಿತು, ಅನಂತರ ಸಂಕೋಚವಾಯಿತು.

ಇದಕ್ಕೆ ದೀರ್ಘವಾದ ಪೂರ್ವೇತಿಹಾಸವಿದೆ. ಅಂಚಿನ ಬರಹಕ್ಕೆ 'ಮಾರ್ಜಿನೇಲಿಯಾ' ಎಂಬ ಹೆಸರನ್ನು 1819ರಲ್ಲಿ ಇಂಗ್ಲಿಷಿಗೆ ತಂದವನು ಕವಿ ಕೋಲರಿಜ್. ಅವನು ಬರೆಯಲೆಂದೇ ಸ್ನೇಹಿತರು ತಮ್ಮ ಪುಸ್ತಕಗಳನ್ನು ಕೊಡುತ್ತಿದ್ದರು. ಒಂದು ಶತಮಾನದ ಬಳಿಕ, 1920ರ ದಶಕದಲ್ಲಿ, ಕೇಂಬ್ರಿಜ್‌ನ ಐ. ಎ. ರಿಚರ್ಡ್ಸ್ ಅವರು ಕವಿಯ ಹೆಸರನ್ನು ಮರೆಮಾಡಿ ಕವಿತೆಗಳನ್ನು ಹಂಚಿ, ತೋಚಿದ್ದನ್ನು ಬರೆದುಕೊಡಿರೆಂದರು. ಬರೆದವರ ಹೆಸರೂ ಗುಟ್ಟಾಗಿಯೇ ಉಳಿಯಿತು. 1929ರ 'ಪ್ರಾಕ್ಟಿಕಲ್ ಕ್ರಿಟಿಸಿಸಂ' ಗ್ರಂಥದಲ್ಲಿ 13 ಕವಿತೆಗಳ ಮೇಲಿನ ಅಂಥ ಬರಹಗಳಿವೆ. ಜಾಣ ವಿದ್ಯಾರ್ಥಿಗಳೂ ಸಾಲುಗಳ ನೇರ ಅರ್ಥದಲ್ಲೇ ಎಡವಿದ್ದನ್ನು ಅಲ್ಲಿ ಓದಿದರೆ, ಮೇಷ್ಟರಾದವರಿಗೆ ಒಳಗೇ ನಡುಕ ಹುಟ್ಟುತ್ತದೆ. ಆದರೆ ಆ ಚೀಟಿಗಳೆಲ್ಲ ಸೇರುತ್ತಿದ್ದುದು ಗುರುವಿನ ಕೈಗೆ. ಪಕ್ಕದವನು ಏನು ಬರೆದನೆಂಬುದು ಉಪನ್ಯಾಸದಲ್ಲಿ ಕೇಳಿಸಿದಷ್ಟೇ.

ಆ ಕೊರತೆಯನ್ನು ಅಂತರ್ಜಾಲ ತುಂಬಿತು, ಅದೂ ತಡವಾಗಿ. 1993ರ 'ಮೊಸಾಯಿಕ್' ಬ್ರೌಸರಿನಲ್ಲಿಯೇ ಗುಂಪಾಗಿ ಟಿಪ್ಪಣಿ ಬರೆಯುವ ಏರ್ಪಾಟನ್ನು ಪ್ರಯತ್ನಿಸಿ ಕೈಬಿಟ್ಟಿದ್ದರು. 2011ರಲ್ಲಿ 'ಹೈಪಾಥಿಸಿಸ್' ಸಂಸ್ಥೆ ಹುಟ್ಟಿತು. ಮುಂದೆ ಹಾರ್ವರ್ಡ್‌ನಲ್ಲಿ, ಭೌತವಿಜ್ಞಾನದ ಪ್ರಾಧ್ಯಾಪಕ ಎರಿಕ್ ಮಝೂರ್ ಮತ್ತು ಸಂಗಡಿಗರಿಂದ 'ಪೆರೂಸಾಲ್' ಬಂದಿತು. ಪಾಠ ಎಲ್ಲರ ಪರದೆಯ ಮೇಲೂ ಒಂದೇ. ಒಬ್ಬಳು ಒಂದು ಪದವನ್ನು ಗುರುತಿಸಿ ಪ್ರಶ್ನೆ ಕೇಳಿದರೆ, ಇನ್ನೊಬ್ಬನು ಅಲ್ಲಿಯೇ ಉತ್ತರಿಸುತ್ತಾನೆ. ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಯುವವರಿಗೆ ಇದು ಸಣ್ಣ ಲಾಭವಲ್ಲ. ಎದ್ದುನಿಂತರೆ ನಾಲಗೆ ತೊದಲುವ ಮಗು ಮನೆಯಲ್ಲಿ ನಿಘಂಟು ನೋಡಿಕೊಂಡು, ತಿದ್ದಿಕೊಂಡು, ನಿಧಾನವಾಗಿ ಮಾತನಾಡಬಹುದು.

ನನಗೆ ಒಪ್ಪಿಗೆಯಾಗದ ಒಂದಂಶವಿದೆ. ಪೆರೂಸಾಲ್‌ನಲ್ಲಿ ಟಿಪ್ಪಣಿಗಳಿಗೆ ಯಂತ್ರವೇ ಅಂಕ ಹಾಕಬಲ್ಲದು. ಅಂಕಕ್ಕಾಗಿ ಕೇಳಿದ ಪ್ರಶ್ನೆಗೂ ತಿಳಿಯದೆ ಕೇಳಿದ ಪ್ರಶ್ನೆಗೂ ಇರುವ ವ್ಯತ್ಯಾಸ ಮೇಷ್ಟರಿಗೇ ಒಮ್ಮೊಮ್ಮೆ ತಿಳಿಯುವುದಿಲ್ಲ!

ನಮ್ಮ ಶಾಲೆಯ ಒಂದು ಇಂಗ್ಲಿಷ್ ಕಥಾಸಂಗ್ರಹದಲ್ಲಿ 'ಥ್ರೆಶೋಲ್ಡ್' ಎಂಬ ಪದದ ಪಕ್ಕದಲ್ಲಿ ಯಾರೋ 'ಬಾಗಿಲು' ಎಂದು ಬರೆದಿದ್ದರು. ಬೇರೊಂದು ಕೈ ಅದನ್ನು ಹೊಡೆದುಹಾಕಿ 'ಹೊಸ್ತಿಲು' ಎಂದಿತ್ತು. ಅದರ ಕೆಳಗೆ, ಇನ್ನೂ ಚಿಕ್ಕ ಅಕ್ಷರದಲ್ಲಿ, 'ನಮ್ಮ ಕಡೆ ಹೊಸಿಲು' ಎಂದಿತ್ತು. ಅಂದು ಸಿಕ್ಕಿಬಿದ್ದ ಹುಡುಗನಿಂದ ಮೂರನ್ನೂ ಅಳಿಸಿಸಿದೆ.