ಮನೆ ಒಬ್ಬರದ್ದು, ಗಾಲಿ ಇನ್ನೊಬ್ಬರದ್ದು

2022ರ ಜುಲೈ. ಮಿಶಿಗನ್ನಿನ ಮ್ಯಾಕಿನಾ ಸೇತುವೆ ಹತ್ತಿರ ಒಂದು ಕ್ಯಾಂಪ್‌ಗ್ರೌಂಡ್. ಹೊರಗೆ ಮಳೆ. ನನ್ನ ಮೋಟರ್‌ಹೋಮಿನ ಒಳಗೆ ಹಾಸಿಗೆ ಪಕ್ಕದ ಗೋಡೆಗೆ ಒರಗಿ ಕೂತಿದ್ದ ಅಪ್ಪ, ಯಾಕೋ ತಿರುಗಿ ಹೆಬ್ಬೆರಳಿನಿಂದ ಗೋಡೆ ಒತ್ತಿ ನೋಡಿದ. ಬೆರಳು ಒಳಗಿಳಿಯಿತು.

“ತಮ್ಮಾ, ಇದರಾಗಿನ ಕಟಿಗಿ ಸತ್ತೈತಿ. ಎಲ್ಲ್ಯೋ ನೀರು ಇಳ್ಯಾಕತ್ತೈತಿ ನೋಡು.”

ಆ ಗಾಡಿಗೆ ನಾನು 31,000 ಡಾಲರ್ ಕೊಟ್ಟು ಇನ್ನೂ ವರ್ಷ ಆಗಿರಲಿಲ್ಲ.

ಕೋವಿಡ್ ಕಾಲದಲ್ಲಿ ಅಮೆರಿಕದವರಿಗೆ ಹೋಟೆಲ್ಲೂ ಬೇಡ, ವಿಮಾನವೂ ಬೇಡ ಆಗಿತ್ತು. ಎಲ್ಲರೂ ಮನೆಗಾಡಿಗಳ ಹಿಂದೆ ಬಿದ್ದರು. 2021ರಲ್ಲಿ ಅಲ್ಲಿನ ಕಾರ್ಖಾನೆಗಳಿಂದ ಎಳೆಯೋ ಟ್ರೇಲರ್‌ಗಳೂ ಸೇರಿ ಸುಮಾರು 6 ಲಕ್ಷ ಗಾಡಿ ಹೊರಬಿದ್ದವು. ಅದೇ ವರ್ಷ ನಾನೂ ಬಿದ್ದೆ. ಡೆಟ್ರಾಯಿಟ್ ಹತ್ತಿರದ ಪ್ರಾಜೆಕ್ಟಿನಲ್ಲಿದ್ದೆ. ಅಪ್ಪ ಅವ್ವ ಬಂದಾಗ ಊರೂರು ತೋರಿಸಬೇಕು ಅಂತ ಆಸೆ. ನನ್ನದು 24 ಅಡಿಯದ್ದು, ಮಧ್ಯಮ ಗಾತ್ರ. ಮುಂದೆ ವ್ಯಾನಿನ ಮೂತಿ, ಡ್ರೈವರ್ ತಲೆ ಮೇಲೆ ಒಂದು ಹಾಸಿಗೆ, ಹಿಂದೆ ಪುಟ್ಟ ಮನೆ. ಗ್ಯಾಸ್ ಒಲೆ, ಫ್ರಿಜ್, ಸ್ನಾನದ ಮೂಲೆ, ಮೂರು ಟ್ಯಾಂಕು. ಒಂದರಲ್ಲಿ ಒಳ್ಳೆ ನೀರು, ಒಂದರಲ್ಲಿ ಪಾತ್ರೆ ತೊಳೆದ ನೀರು, ಮೂರನೆಯದರಲ್ಲಿ ಏನಿರುತ್ತೆ ಅಂತ ಹೇಳಬೇಕಿಲ್ಲ. ದಪ್ಪ ಪೈಪು ಹಾಕಿ ಅದನ್ನು ಖಾಲಿ ಮಾಡೋ ಕೆಲಸ ನನ್ನದೇ. ಅವ್ವ ಮೊದಲ ದಿನವೇ ಅಂದಳು, “ಒಲಿ ಬಾಜೂಕ ಪಾಯಖಾನಿ ಇಟ್ಟಾರಲ್ಲೋ ಯಪ್ಪಾ!”

ಗೋಡೆ ತೋರಿಸೋಕೆ ಮೊದಲು ಒಂದು ಗ್ಯಾರೇಜಿಗೆ ಹೋದೆ. “ನಾವು ಎಂಜಿನ್ನು, ಬ್ರೇಕು ನೋಡ್ತೀವಿ, ಮನೆ ಭಾಗ ನಮ್ಮದಲ್ಲ” ಅಂದರು. ಮನೆ ಭಾಗ ನೋಡೋರ ಹತ್ತಿರ ಹೋದರೆ ಎರಡು ತಿಂಗಳು ಕಾಯಬೇಕು, ಖರ್ಚು 12,000 ಡಾಲರ್ ದಾಟಬಹುದು ಅಂದರು. ಒಂದೇ ಗಾಡಿಗೆ ಇಬ್ಬರು ಯಾಕೆ? ನಾನು ಕೋಡ್ ಬರೆಯೋನು. ಬಗ್ ಸಿಕ್ಕರೆ ಅದು ಯಾವ ಕಾಲದಿಂದ ಬಂತು ಅಂತ ಹುಡುಕೋ ಚಟ ಇದೆ. ಹುಡುಕುತ್ತಾ ಹೋದೆ.

ಗಾಡಿಯಲ್ಲೇ ಮಲಗಿ ಊರು ಸುತ್ತೋ ಹುಚ್ಚು ಅಮೆರಿಕದಲ್ಲಿ ಕಾರಿನಷ್ಟೇ ಹಳೇದು. 1919ರಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ ‘ಟಿನ್ ಕ್ಯಾನ್ ಟೂರಿಸ್ಟ್ಸ್’ ಅಂತ ಒಂದು ಸಂಘ ಕಟ್ಟಿಕೊಂಡರು. ಫೋರ್ಡ್ ಕಾರಿಗೆ ಡೇರೆ ಕಟ್ಟಿ, ಡಬ್ಬಿ ಊಟ ತಿನ್ನುತ್ತಾ ತಿರುಗೋ ಜನ. ಮನೆಯನ್ನು ಅವರವರೇ ಕಟ್ಟಿಕೊಳ್ಳುತ್ತಿದ್ದರು. ಸೋರಿದರೆ ಯಾರು ಕಟ್ಟಿದ್ದು ಅಂತ ಕೇಳೋ ಪ್ರಶ್ನೆಯೇ ಇಲ್ಲ.

1956ರಲ್ಲಿ ಅಂತರರಾಜ್ಯ ಹೆದ್ದಾರಿಗಳ ಕಾನೂನು ಬಂತು. ದೊಡ್ಡ ಗಾಡಿ ಓಡಿಸೋಕೆ ಒಳ್ಳೆ ರಸ್ತೆಗಳಾಗತೊಡಗಿದವು. 1958ರಲ್ಲಿ ನಾನಿದ್ದ ಮಿಶಿಗನ್ ರಾಜ್ಯದ್ದೇ ಬ್ರೌನ್ ಸಿಟಿ ಅನ್ನೋ ಸಣ್ಣ ಊರಲ್ಲಿ ರೇಮಂಡ್ ಫ್ರಾಂಕ್ ಅನ್ನುವವರು ತಮ್ಮ ಸಂಸಾರದ ತಿರುಗಾಟಕ್ಕೆ ಅಂತ ಒಂದು ಗಾಡಿ ಕಟ್ಟಿದರು. ನೋಡಿದವರು ನಮಗೂ ಬೇಕು ಅಂದರು. ಆಮೇಲೆ ಡಾಡ್ಜ್ ಟ್ರಕ್ಕಿನ ಚಾಸಿ ತರಿಸಿ ಅದರ ಮೇಲೆ ಮನೆ ಕೂರಿಸಿ ಮಾರಿದರು. ‘ಮೋಟರ್ ಹೋಮ್’ ಅನ್ನೋ ಹೆಸರು ಬಳಕೆಗೆ ಬಂದಿದ್ದು ಇವರ ಗಾಡಿಯಿಂದಲೇ. ಅಂದರೆ ನಾನು ಗ್ಯಾರೇಜಿನಲ್ಲಿ ಕೇಳಿದ ಮಾತಿನ ಮೂಲ ಇಲ್ಲೇ ಇತ್ತು: ಗಾಲಿ ಒಬ್ಬರದ್ದು, ಮನೆ ಇನ್ನೊಬ್ಬರದ್ದು.

ಈ ಪದ್ಧತಿಯನ್ನು ದೊಡ್ಡದು ಮಾಡಿದ್ದು ಅಯೋವಾ ರಾಜ್ಯದ ಫಾರೆಸ್ಟ್ ಸಿಟಿ. ಸುತ್ತ ಹೊಲಗಳು. 1950ರ ದಶಕದಲ್ಲಿ ರೈತಾಪಿ ಕೆಲಸ ಕಡಿಮೆಯಾಗಿ ಹುಡುಗರು ಊರು ಬಿಡುತ್ತಿದ್ದರು. ಅಲ್ಲಿ ಜಾನ್ ಹ್ಯಾನ್ಸನ್ ಅಂತ ಒಬ್ಬರು, ಪೀಠೋಪಕರಣದ ಅಂಗಡಿ ಜೊತೆಗೆ ಶವಸಂಸ್ಕಾರದ ವ್ಯವಸ್ಥೆಯನ್ನೂ ನಡೆಸುತ್ತಿದ್ದರು. ಊರ ಮುಖಂಡರ ಜೊತೆ ಸೇರಿ 1958ರಲ್ಲಿ ಕ್ಯಾಲಿಫೋರ್ನಿಯಾದ ಟ್ರೇಲರ್ ಕಂಪನಿಯೊಂದರ ಕಾರ್ಖಾನೆಯನ್ನು ಊರಿಗೆ ತಂದರು. ಮುಂದೆ ಅದನ್ನು ಅವರೇ ನಡೆಸಬೇಕಾಯಿತು. ಆ ಕೌಂಟಿಯ ಹೆಸರನ್ನೇ ಇಟ್ಟರು: ವಿನ್ನೆಬೇಗೊ. 1966ರಲ್ಲಿ ಅಲ್ಲಿಂದ ಮೋಟರ್‌ಹೋಮ್ ಹೊರಬಂತು. ಕಾರಿನ ಕಾರ್ಖಾನೆಯ ಹಾಗೆ ಸಾಲಿನಲ್ಲಿ ಜೋಡಿಸಿ, ಬೇರೆಯವರಿಗಿಂತ ಕಡಿಮೆ ಬೆಲೆಗೆ ಮಾರಿದರು. ಕೊನೆಗೆ ಆ ಹೆಸರೇ ಅಮೆರಿಕನ್ನರ ಬಾಯಲ್ಲಿ ಮೋಟರ್‌ಹೋಮಿಗೆ ಇನ್ನೊಂದು ಮಾತಾಯಿತು.

ಇದನ್ನು ಓದುವಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಊರು ಬಿಟ್ಟು ಹೋಗೋಕೆ ಅಂತ ಜನ ಕೊಳ್ಳೋ ಗಾಡಿಯನ್ನ, ತಮ್ಮ ಹುಡುಗರು ಊರು ಬಿಡಬಾರದು ಅಂತ ಒಂದು ಹಳ್ಳಿಗಾಡಿನ ಪೇಟೆ ಮಾಡತೊಡಗಿತ್ತು. ನನ್ನ ಊರಲ್ಲಿ ಅಂಥ ಪ್ರಯತ್ನ ಯಾರೂ ಮಾಡಲಿಲ್ಲ. ನಾನು ಹೊರಟೆ.

ಎರಡನ್ನೂ ಒಬ್ಬರೇ ಮಾಡಿದರೆ ಹೇಗೆ ಅಂತ ಯೋಚಿಸಿದ್ದು ಜನರಲ್ ಮೋಟರ್ಸ್. ಮಿಶಿಗನ್ನಿನ ಪಾಂಟಿಯಾಕ್‌ನಲ್ಲಿ 1973ರ ಮಾಡೆಲ್ಲಾಗಿ ಜಿಎಂಸಿ ಮೋಟರ್‌ಹೋಮ್ ಬಂತು. 23 ಅಡಿ ಮತ್ತು 26 ಅಡಿ, ಎರಡೇ ಅಳತೆ. ಎಂಜಿನ್ ಓಲ್ಡ್ಸ್‌ಮೊಬೈಲ್ ಟೊರೊನಾಡೊ ಕಾರಿನದ್ದು, 7.5 ಲೀಟರ್. ಮುಂದಿನ ಗಾಲಿಗಳೇ ಎಳೆಯೋದರಿಂದ ನೆಲದಡಿ ಹಿಂದಕ್ಕೆ ಹೋಗೋ ದಂಡ ಇಲ್ಲ. ಹೀಗಾಗಿ ನೆಲ ತಗ್ಗಿನಲ್ಲಿತ್ತು, ಗಾಡಿ ವಾಲುತ್ತಿರಲಿಲ್ಲ. ಹಿಂದೆ ಗಾಳಿ ತುಂಬಿದ ಸಸ್ಪೆನ್ಶನ್. ಮೈಯೆಲ್ಲ ಅಲ್ಯೂಮಿನಿಯಂ ಮತ್ತು ಫೈಬರ್‌ಗ್ಲಾಸ್. ಗೋಡೆಗೆ ಕಟ್ಟಿಗೆಯ ಚೌಕಟ್ಟು ಇಲ್ಲದ ಮೇಲೆ ಕೊಳೆಯೋಕೆ ಏನಿದೆ?

ಕಾಲ ಮಾತ್ರ ಕೆಟ್ಟಿತ್ತು. ಗಾಡಿ ಬಂದ ವರ್ಷವೇ, ಅಕ್ಟೋಬರಿನಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದವು. ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ಬ್ಯಾರೆಲ್‌ಗೆ 3 ಡಾಲರಿನಿಂದ 12ರ ಹತ್ತಿರ ಹೋಯಿತು. ಬಂಕುಗಳ ಮುಂದೆ ಸಾಲು. ಲೀಟರಿಗೆ 4 ಕಿಲೋಮೀಟರ್ ಕೊಡೋದೇ ಕಷ್ಟ ಅನ್ನೋ ಗಾಡಿ ಯಾರಿಗೆ ಬೇಕು? ವಿನ್ನೆಬೇಗೊದ ವ್ಯಾಪಾರವೂ ಕುಸಿಯಿತು. ಜಿಎಂಸಿ 1978ರಲ್ಲಿ ಈ ಗಾಡಿ ನಿಲ್ಲಿಸಿ ಆ ಜಾಗದಲ್ಲಿ ಟ್ರಕ್ಕು ಮಾಡಿತು. ಒಟ್ಟು ತಯಾರಾಗಿದ್ದು ಸುಮಾರು 13,000. ಅದರಲ್ಲಿ ಸಾವಿರಾರು ಗಾಡಿಗಳು ಬಹಳ ವರ್ಷ ಓಡಿದವು, ಇವತ್ತಿಗೂ ಮಾಲೀಕರು ಬಿಡಿಭಾಗ ಹುಡುಕಿ ಓಡಿಸುತ್ತಾರೆ. ಎಣ್ಣೆ ಅಗ್ಗವಾದ ಮೇಲೆ ಉಳಿದಿದ್ದು ಮಾತ್ರ ಹಳೇ ಪದ್ಧತಿಯೇ, ಯಾಕೆಂದರೆ ಅದು ಅಗ್ಗ. ಬೇಡಿಕೆ ಬಂದಾಗ ಚಾಸಿ ಕೊಂಡು ಮನೆ ಕೂರಿಸು, ಇಲ್ಲದಾಗ ಬಾಗಿಲು ಹಾಕು. ಈ ಉದ್ಯಮದ ರಾಜಧಾನಿಯಂತಿರುವ ಇಂಡಿಯಾನಾದ ಎಲ್ಕಾರ್ಟ್‌ನಲ್ಲಿ 2009ರಲ್ಲಿ ನಿರುದ್ಯೋಗ ಹೆಚ್ಚುಕಮ್ಮಿ ಶೇ. 20ರ ಹತ್ತಿರ ಹೋಗಿದ್ದಕ್ಕೆ ಇದೂ ಒಂದು ಕಾರಣ.

ನನ್ನ ಗಾಡಿಯ ಬಗ್ ಈಗ ಅರ್ಥ ಆಗಿತ್ತು. ಚಾಸಿ ರಸ್ತೆಯ ಮೇಲೆ ತಿರುಚುತ್ತೆ, ಮೇಲಿನ ಮನೆ ತಿರುಚಲ್ಲ. ಮಧ್ಯದ ಸಂದುಗಳನ್ನು ಹಿಡಿದಿರೋದು ಸೀಲಂಟ್ ಅನ್ನೋ ಅಂಟು. ಅದು ಬಿಸಿಲಿಗೆ ಒಣಗಿ ಬಿರಿಯುತ್ತೆ. ಸಣ್ಣ ಬಿರುಕಿನಲ್ಲಿ ನೀರು ಇಳಿಯುತ್ತೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಬಿರುಕನ್ನು ದೊಡ್ಡದು ಮಾಡುತ್ತೆ. ಒಳಗಿನ ಚೌಕಟ್ಟಿನ ಮರ ಕೊಳೆಯುತ್ತೆ. ವರ್ಷಕ್ಕೊಮ್ಮೆಯಾದರೂ ಛಾವಣಿ ಹತ್ತಿ ಸಂದು ನೋಡಬೇಕು. ಕೊಳ್ಳುವಾಗ ಮೂಲೆಗಳನ್ನು ಬೆರಳಿನಿಂದ ಒತ್ತಿ ನೋಡಬೇಕು. ನಾನು ನೋಡಿದ್ದು ಎಂಜಿನ್, ಟೈರು, ಟಿವಿ.

ಅಪ್ಪನಿಗೆ ಇದೆಲ್ಲ ಹೇಳಿದೆ. ಆತ ನಕ್ಕ. ನಮ್ಮದು ಗದಗ ಸೀಮೆ. ನಾನು ಸಣ್ಣವನಿದ್ದಾಗ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಕೊಲ್ಲಾರಿ ಬಂಡಿಯಲ್ಲಿ ಹೋಗುತ್ತಿದ್ದೆವು. ಗುಡ್ಡದ ಮೇಲೆ ಬಂಡಿಯೇ ಮನೆ. ಮೂರು ಕಲ್ಲಿನ ಒಲೆ, ಬಂಡಿ ಕೆಳಗೆ ನಿದ್ದೆ. “ನಮ್ಮ ಬಂಡಿನೂ ಬಡಿಗ್ಯಾ ಬ್ಯಾರೆ, ಕಮ್ಮಾರ ಬ್ಯಾರೆ. ಆದರ ಇಬ್ಬರೂ ನಮ್ಮ ಓಣ್ಯಾಗ ಇದ್ದರು” ಅಂದ.

ಆ ಬಂಡಿಯನ್ನೂ ಜೋಡೆತ್ತನ್ನೂ 2006ರಲ್ಲಿ ಮಾರಿದ್ದು ನನ್ನ ಬಿಇ ಫೀಸಿಗೆ. ಆ ದಿನ ಕೊಳ್ಳೋಕೆ ಬಂದವರಿಗೆ ಅಪ್ಪ ತಾನಾಗಿಯೇ ಹೇಳಿದ್ದ, ಎಡಗಡೆ ಎತ್ತಿನ ಹಿಂಗಾಲು ಮಳೆಗಾಲದಲ್ಲಿ ನೋಯುತ್ತೆ ಅಂತ. ಎರಡು ಸಾವಿರ ಕಡಿಮೆ ಬಂತು. ಸಾಲ ಮಾಡಿ ತುಂಬಿಸಿದ.

ಅಪ್ಪ ಅವ್ವ ಊರಿಗೆ ಹೋದ ಮೇಲೆ ಗಾಡಿ ಮಾರೋಕೆ ಇಟ್ಟೆ. ಬಂದವರಲ್ಲಿ ಒಬ್ಬ ಚಿಕ್ಕ ವಯಸ್ಸಿನವನು, ಹೆಂಡತಿ, ಎರಡು ಮಕ್ಕಳು. ಟೈರು ನೋಡಿದ, ಎಂಜಿನ್ ನೋಡಿದ, ಟಿವಿ ಹಾಕಿ ನೋಡಿದ. 26,000ಕ್ಕೆ ಒಪ್ಪಿದ. ಗೋಡೆಗೆ ನಾನೇ ಹೊಸ ಹಾಳೆ ಅಂಟಿಸಿದ್ದೆ, ಗೊತ್ತೇ ಆಗುತ್ತಿರಲಿಲ್ಲ. ಅವನ ಕೈ ಹಿಡಿದು ಆ ಮೂಲೆಗೆ ಒತ್ತಿಸಿದೆ. ಅವನು ಕೊಳ್ಳಲಿಲ್ಲ. ಎರಡು ತಿಂಗಳ ಮೇಲೆ ಒಬ್ಬ ಮರಗೆಲಸದವನು, ತಾನೇ ಬಿಚ್ಚಿ ಕಟ್ಟಿಕೊಳ್ತೀನಿ ಅಂತ 14,000 ಕೊಟ್ಟು ತಗೊಂಡು ಹೋದ.

ಫೋನಿನಲ್ಲಿ ಅಪ್ಪನಿಗೆ ಲೆಕ್ಕ ಹೇಳಿದೆ. ರೂಪಾಯಿಗೆ ತಿರುಗಿಸಿ ಎಷ್ಟಾಯಿತು ಅಂತ ಕೇಳಿದ. ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದ್ದು ಒಂದೇ:

“ತಗೊಂಡಾಂವ ಬಡಿಗ್ಯಾನ ಹೌದಿಲ್ಲೊ? ಹಂಗಾದರ ಚಲೋ ಆತು.”